ಪಕ್ಕದ ಕೋಣೆಯ ಮಾತು

ಬೆಂಚಿನ ಮೇಲೆ ಕೂತವರಲ್ಲಿ ತನ್ನಷ್ಟು ಓದಿದವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅಧ್ಯಾಪಕನಿಗೆ ತುಸು ಸಮಾಧಾನವಾಯಿತು. ಮರುಗಳಿಗೆಯೇ ಆ ಸಮಾಧಾನದ ಬಗ್ಗೆ ಹೇಸಿಗೆಯೂ ಆಯಿತು. ವಿಚಾರಣೆಯ ಕಚೇರಿ ಇದ್ದದ್ದು ಹಿಂದೆ ವಿಮಾ ಕಂಪನಿಯೊಂದು ಬಾಡಿಗೆಗಿದ್ದ ಕಟ್ಟಡದ ಎರಡನೆಯ ಮಹಡಿಯಲ್ಲಿ. ಕಿತ್ತುಕೊಂಡು ಹೋದ ಬೋರ್ಡಿನ ಮೊಳೆಗಳು ಗೋಡೆಯಲ್ಲಿ ಹಾಗೆಯೇ ಉಳಿದಿದ್ದವು. ಕಾರಿಡಾರಿನ ಆಚೆ ತುದಿಯಲ್ಲಿ ಹಕ್ಕಿನವರು ಗುಂಪಾಗಿ ನಿಂತಿದ್ದರು. ಮಾನವ ಹಕ್ಕುಗಳ ಸಂಘದವರನ್ನು ಅವನು ಮನಸ್ಸಿನಲ್ಲಿ ಕರೆಯುತ್ತಿದ್ದದ್ದು ಹಾಗೆ, ಹಾಲಿನವರು, ಪೇಪರಿನವರು ಅನ್ನುವ ಹಾಗೆ. ಅವರಲ್ಲೊಬ್ಬಳು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚುತ್ತಿದ್ದಳು. ತಿನ್ನುವಾಗಲೂ ಮುಖದ ಮೇಲಿನ ಮರುಕ ಇಳಿಯದಂತೆ ಎಲ್ಲರೂ ಎಚ್ಚರ ವಹಿಸಿದ್ದರು. ಲಾಕಪ್ಪಿನಲ್ಲಿ ಒಬ್ಬ ಮನುಷ್ಯನಿಗೆ ಹೊಡೆದದ್ದು ನಿಜವೇ ಎಂಬುದು ಇವತ್ತಿನ ವಿಚಾರಣೆಯ ವಿಷಯ. ಆ ಹೊತ್ತಿನಲ್ಲಿ ತಾನು ಲಾಕಪ್ಪಿನಲ್ಲಿರಲೇ ಇಲ್ಲ, ತನ್ನ ಕೋಣೆಯಲ್ಲಿ ಕೂತು ಹಳೆಯ ಗುರುಗಳೊಂದಿಗೆ ಮಾತಾಡುತ್ತಿದ್ದೆ ಎಂದು ಠಾಣೆಯ ಅಧಿಕಾರಿ ಹೇಳಿಕೆ ಕೊಟ್ಟಿದ್ದ. ಆ ಹಳೆಯ ಗುರುಗಳೇ ಈಗ ಒಂದು ಕಾಲು ಕುಂಟುವ ಬೆಂಚಿನ ಮೇಲೆ, ಪಕ್ಕದವನು ಅಲುಗಾಡಿದಾಗಲೆಲ್ಲ ತಾವೂ ಅಲುಗಾಡುತ್ತ ಕೂತಿದ್ದರು.

ಬೆಳಿಗ್ಗೆ ಹೆಂಡತಿ ಪೇಪರು ಹಾಸಿಕೊಂಡು ಕಾಲಿನ ಉಗುರು ಕತ್ತರಿಸುತ್ತಿದ್ದಳು. ತಲೆ ಎತ್ತದೆ, "ಅವನು ಎದ್ದು ಹೋದ್ನೋ ಇಲ್ವೋ, ಅಷ್ಟು ಹೇಳಿ ಬನ್ನಿ. ನಿಮ್ಮದು ಯಾವಾಗ್ಲೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ," ಅಂದಳು. ಉಗುರಿನ ಚೂರೊಂದು ಸಿಡಿದು ಅವನ ಬೂಟಿನ ಹತ್ತಿರ ಬಿತ್ತು. ಇವಳಿಗೆ ಎಲ್ಲವೂ ಅಷ್ಟೆ, ಕತ್ತರಿಸಿದರೆ ಮುಗಿಯಿತು. "ನಿನ್ನ ತಂಗಿ ಗಂಡ ಏನು ಹೇಳಿ ಹೋದ ಅಂತ ಕೇಳಿಸಿಕೊಂಡೆ ತಾನೆ?" ಅಂದ. "ಕೇಳಿಸಿಕೊಂಡೆ. ಅವಳೂ ಬೆಳಿಗ್ಗೆ ಫೋನ್ ಮಾಡಿದ್ಲು. ಭಾವನಿಗೆ ಬುದ್ಧಿ ಹೇಳು ಅಂತ. ನಿಮಗೆ ಬುದ್ಧಿ ಹೇಳೋಳಾಗಿದ್ರೆ ನಾನು ಯಾಕೆ ಹೀಗಿರ್ತಿದ್ದೆ," ಎಂದು ಇನ್ನೊಂದು ಕಾಲನ್ನು ಮುಂದಕ್ಕೆಳೆದುಕೊಂಡಳು.

ಷಡ್ಡಕ ಬಂದದ್ದು ಹಿಂದಿನ ಸಂಜೆ. ನೂಲಿನ ಗಿರಣಿಯ ಕಾರ್ಮಿಕ ಸಂಘಕ್ಕೆ ಅವನೇ ಕಾರ್ಯದರ್ಶಿ. ಕುರ್ಚಿಯಲ್ಲಿ ಕೂತರೂ ಮೆರವಣಿಗೆಯ ಮುಂದೆ ನಡೆಯುತ್ತಿರುವಂತೆ ಉಸಿರಾಡುವ ಮನುಷ್ಯ. ಮುಷ್ಕರದ ಸಮಯದಲ್ಲಿ ಸಂಘದ ಕೊಠಡಿಗೆ ಯಾರೋ ಬೆಂಕಿ ಇಟ್ಟಿದ್ದರು; ಒಳಗೆ ಮಲಗಿದ್ದ ಮುದಿ ಕಾವಲುಗಾರ ಹೊರಗೆ ಬರಲಾಗದೆ ಸತ್ತಿದ್ದ. ಹೊರಗಿನಿಂದ ಆಳು ತಂದು ಮುಷ್ಕರ ಮುರಿಯುತ್ತಿದ್ದ, ಎಲ್ಲರೂ ಗೂಳಿ ಎಂದು ಕರೆಯುತ್ತಿದ್ದ ಮನುಷ್ಯನನ್ನು ಅಧಿಕಾರಿ ಹಿಡಿದು ತಂದ. ಮಾರನೆಯ ದಿನವೇ ಗೂಳಿ ಬಾಯಿಬಿಟ್ಟ: ಬೆಂಕಿ ಇಟ್ಟದ್ದು ನಾನು, ಇಡು ಅಂದದ್ದು ಗಿರಣಿಯ ಮ್ಯಾನೇಜರು. ಇಷ್ಟು ವರ್ಷದಲ್ಲಿ ಮೊದಲ ಸಲ ಗಿರಣಿಯ ದೊಡ್ಡವನೊಬ್ಬ ಜೈಲಿಗೆ ಹೋಗಿದ್ದ. "ಈಗ ಆ ಗೂಳಿಗೆ ಒಂದು ಕಿವಿ ಹೋಗಿದೆಯಂತೆ, ಕೈಬೆರಳು ಮಡಚೋಕಾಗಲ್ಲವಂತೆ. ಇದಕ್ಕೆ ವಕೀಲನ್ನ ಇಟ್ಟಿರೋದು ಯಾರು ಭಾವ? ಮಾಲೀಕ. ಹಕ್ಕು ಹಕ್ಕು ಅಂತ ಬಡ್ಕೊಳ್ಳೋಕೆ ಕಳಿಸಿರೋದು ಯಾರು? ಮಾಲೀಕನೇ," ಅಂದ ಷಡ್ಡಕ. "ಅಧಿಕಾರಿ ಬಿದ್ರೆ ತಪ್ಪೊಪ್ಪಿಗೆ ಬಿತ್ತು. ಅದು ಬಿದ್ರೆ ಮ್ಯಾನೇಜರು ಹೊರಗೆ ಬಂದ. ಆ ಮುದುಕನ ಹೆಂಡತಿ ಮುಖ ನೋಡಿ ನೀವೇ ಹೇಳ್ತೀರಾ ಆಮೇಲೆ?" ಅಧ್ಯಾಪಕ ಚಹದ ಲೋಟದ ಅಂಚನ್ನು ಒರೆಸುತ್ತ, ಸಾಧನ ಮತ್ತು ಗುರಿ ಒಂದೇ ಚರಿತ್ರೆಯ ಎರಡು ಘಟ್ಟಗಳು, ಅವನ್ನು ಬಿಡಿಬಿಡಿಯಾಗಿ ತೂಗುವುದು ಸಣ್ಣ ವ್ಯಾಪಾರಿಯ ನೀತಿ, ಎಂದೇನೋ ಶುರುಮಾಡಿದ. ಷಡ್ಡಕ ಅರ್ಧಕ್ಕೇ ಎದ್ದ. "ಅದನ್ನೇ ಹೇಳಿ ನಾಳೆ. ಅಥವಾ ಏನೂ ಹೇಳಬೇಡಿ. ಅವನು ಕೋಣೇಲೇ ಇದ್ದ ಅಂದ್ಬಿಡಿ ಸಾಕು." ತನ್ನ ಮಾತನ್ನು ಪೂರ್ತಿ ಕೇಳದವನು ತನ್ನನ್ನು ಒಪ್ಪಿಕೊಂಡು ಹೋದನಲ್ಲ ಎಂಬುದು ಅಧ್ಯಾಪಕನಿಗೆ ಆ ವಿನಂತಿಗಿಂತ ಹೆಚ್ಚು ಚುಚ್ಚಿತು.

ಎದುರಿನ ಬೆಂಚಿನಲ್ಲಿ, ಮಾಲೀಕನ ವಕೀಲ ಜಾಮೀನು ಕೊಡಿಸಿ ಹೊರಗೆ ತಂದ ಗೂಳಿ ಕೂತಿದ್ದ. ಅಧ್ಯಾಪಕ ಅವನನ್ನು ನೋಡಿದ್ದು ಇದೇ ಮೊದಲು. ಗೂಳಿ ಎಂಬ ಹೆಸರಿಗೆ ತಕ್ಕ ಮೈ ಒಂದು ಕಾಲಕ್ಕೆ ಇದ್ದಿರಬೇಕು, ಈಗ ಅಂಗಿ ಮಾತ್ರ ಆ ಅಳತೆಯದು. ದಿನಗೂಲಿಯವರ ಬೆವರಿನಿಂದ ಕಮಿಷನ್ ಎತ್ತಿ ಕೊಬ್ಬಿದವನು, ವರ್ಗವಿಲ್ಲದವನು, ಯಾರು ಎಸೆದರೆ ಅವರ ಕಡೆ ಬಾಲ ಅಲ್ಲಾಡಿಸುವ ಜಾತಿ. ಚರಿತ್ರೆ ಇಂಥವರಿಗೆ ಒಂದು ಅಡಿಟಿಪ್ಪಣಿಯನ್ನೂ ಕೊಡುವುದಿಲ್ಲ. ಹಿಂಸೆಗೊಳಗಾದವನನ್ನು ಮರುಕದಿಂದ ನೋಡಬೇಕೆಂದು ಹೇಳುವ ಹಕ್ಕಿನವರು ಈ ಮುಖವನ್ನು ಹತ್ತಿರದಿಂದ ನೋಡಿದ್ದಾರೆಯೇ? ಗೂಳಿ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದ. ಬಿಟ್ಟ ತಕ್ಷಣ ಅವು ಮತ್ತೆ ನೆಟ್ಟಗಾಗುತ್ತಿದ್ದವು. ಮೂಗು ಕೆರೆದುಕೊಳ್ಳುವವನಷ್ಟೇ ನಿರ್ಲಕ್ಷ್ಯದಿಂದ ಅದನ್ನು ಮಾಡುತ್ತಿದ್ದ. ಅಧ್ಯಾಪಕನ ಕಡೆ ಒಮ್ಮೆ ನೋಡಿ, ಗುರುತಿಲ್ಲದ ಕಣ್ಣನ್ನು ಆಚೆ ತಿರುಗಿಸಿದ. ಆ ಗುರುತಿಲ್ಲದಿರುವಿಕೆಯಿಂದ ಅಧ್ಯಾಪಕನಿಗೆ ಯಾಕೋ ಅವಮಾನವಾಯಿತು.

ಗೂಳಿಯನ್ನು ಹಿಡಿದು ತಂದ ಆ ಮಧ್ಯಾಹ್ನ ಠಾಣೆಗೆ ಹೋದದ್ದು ಷಡ್ಡಕನ ಜೊತೆ, ಗೂಳಿಯ ಹಿಂದಿರುವ ಮಾಲೀಕನನ್ನೂ ಬಂಧಿಸಬೇಕೆಂದು ಮನವಿ ಕೊಡಲು. ಅಧಿಕಾರಿ ಎದ್ದು ನಿಂತು, "ಸಾರ್, ನೀವಾ," ಅಂದಿದ್ದ. ಕಾಲೇಜಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಒಂದು ಪ್ರಶ್ನೆಯನ್ನೂ ಕೇಳದಿದ್ದ ಹುಡುಗ. ಷಡ್ಡಕನಿಗೆ ಸಭೆಯಿತ್ತು, ಹೊರಟ. ಅಧ್ಯಾಪಕ ಉಳಿದ. ಯಾಕೆ ಉಳಿದೆ ಎಂದು ತನ್ನನ್ನೇ ಕೇಳಿಕೊಂಡಾಗಲೆಲ್ಲ ಹೊಳೆಯುವ ಕಾರಣ ಒಂದೇ, ಅದು ನಾಚಿಕೆಗೇಡಿನದು: ಅಧಿಕಾರಿಯ ಮೇಜಿನ ಗಾಜಿನ ಕೆಳಗೆ ತನ್ನದೇ ಪ್ರಬಂಧದ ಮೊದಲ ಪುಟವಿತ್ತು. ಸಹೋದ್ಯೋಗಿಗಳು ಆಕಳಿಸುತ್ತ ಹೊಗಳಿದ್ದ, ಪತ್ರಿಕೆಯೊಂದು ಎರಡು ಸಲ ತಿರಸ್ಕರಿಸಿ ಮೂರನೆಯ ಸಲ ಅರ್ಧ ಕತ್ತರಿಸಿ ಅಚ್ಚುಹಾಕಿದ್ದ ಪ್ರಬಂಧ. ಮಾನವ ಹಕ್ಕು ಎಂದು ನಾವು ಕರೆಯುವುದು ಸುತ್ತ ಗೋಡೆ ಕಟ್ಟಿಕೊಂಡು ಕೂತ ಒಂಟಿ ಮನುಷ್ಯನ ಹಕ್ಕು, ಆಸ್ತಿವಂತನ ಬೇಲಿಗೇ ಇಟ್ಟ ಇನ್ನೊಂದು ಹೆಸರು ಎಂದು ಅದರಲ್ಲಿ ಬರೆದಿದ್ದ. ಲಾಕಪ್ಪಿನಲ್ಲಿ ಹೊಡೆಯುವವನೂ ಸಂಬಳದ ಆಳೇ. ಹೊಡೆತ ಅವನ ಕೂಲಿ. ತಪ್ಪೊಪ್ಪಿಗೆ ಅವನ ಕೈಯಲ್ಲಿ ತಯಾರಾಗಿ ಇನ್ನೊಬ್ಬರ ಕಪಾಟಿಗೆ ಹೋಗುವ ಮಾಲು. ಯಂತ್ರವನ್ನು ಬಿಟ್ಟು ಕೈಯನ್ನು ಬೈಯುವುದು ಮಧ್ಯಮವರ್ಗದ ಚಟ. "ಇದನ್ನ ಓದಿದ ಮೇಲೆ ಸಾರ್, ನಂಗೆ ಸರಿಯಾಗಿ ನಿದ್ದೆ ಬರೋಕೆ ಶುರುವಾಯ್ತು," ಅಂದ ಅಧಿಕಾರಿ. "ನಮ್ಮಪ್ಪ ಇದೇ ಗಿರಣೀಲಿ ಹತ್ತಿ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ. ಅವನ ಹಕ್ಕು ಅಂತ ಯಾರೂ ಬರಲಿಲ್ಲ." ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಇಡೀ ಊರಿನಲ್ಲಿ ತನ್ನ ಮಾತನ್ನು ನಂಬಿ ಬದುಕುತ್ತಿರುವ ಒಬ್ಬನೇ ಓದುಗ ಪೊಲೀಸಿನವನು. ಅಧ್ಯಾಪಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆಳೆದುಕೊಂಡು ವಿವರಿಸತೊಡಗಿದ.

ನಡುವೆ ಪೇದೆಯೊಬ್ಬ ಬಾಗಿಲಲ್ಲಿ ಇಣುಕಿದ. ಅಧಿಕಾರಿ, "ಒಂದು ನಿಮಿಷ ಸಾರ್, ಹೇಳ್ತಾ ಇರಿ," ಎಂದು ಎದ್ದುಹೋದ. ಹೇಳುತ್ತಾ ಇರಿ ಎಂದರೆ ನಿಲ್ಲಿಸಿ ಎಂದೇ ಅರ್ಥ, ಅದು ಯಾರಿಗಾದರೂ ಗೊತ್ತು. ಅಷ್ಟರಲ್ಲಿ ಗೋಡೆಯ ಆಚೆಯ ಲಾಕಪ್ಪಿನಿಂದ ಶಬ್ದ ಬಂತು. ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದಂಥ ಶಬ್ದ, ಆಮೇಲೆ ಮಾತಾಗಬೇಕೆಂದು ಹೊರಟು ಮಾತಾಗದೆ ಉಳಿದ ಒಂದು ದನಿ. ಅಧ್ಯಾಪಕ ವಾಕ್ಯವನ್ನು ಮುಗಿಸಿದ. ಇನ್ನೊಂದು ವಾಕ್ಯ ಶುರುಮಾಡಿದ. ಎದುರಿನ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಟವೆಲ್ಲೊಂದು ನೇತಾಡುತ್ತಿತ್ತು. ಅದನ್ನು ನೋಡುತ್ತ, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಷ್ಟು ದನಿ ಏರಿಸಿ, ಹಕ್ಕು ಎಂದರೇನು ಎಂಬುದನ್ನು ಬಿಡಿಸಿ ಬಿಡಿಸಿ ಹೇಳಿದ. ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಹೇಳಿರಲಿಲ್ಲ. ಅಧಿಕಾರಿ ಮಡಚಿದ ಅಂಗಿಯ ತೋಳು ಇಳಿಸಿಕೊಳ್ಳುತ್ತ ಬಂದು, "ಹೇಳಿ ಸಾರ್," ಅಂದ. ಮತ್ತೊಮ್ಮೆ ಹೋದ, ಮತ್ತೆ ಬಂದ. ಆಚೆ ಕೋಣೆಯ ಹೊಡೆತಕ್ಕೂ ಗಿರಣಿಯ ಧೂಳಿಗೂ ಇರುವ ಸಂಬಂಧವನ್ನು ತಾನು ತಾತ್ವಿಕವಾಗಿ ಕಂಡುಕೊಂಡಿದ್ದೇನೆ, ಆದ್ದರಿಂದ ಬೆಚ್ಚಿಬೀಳುವುದು ಭಾವುಕತೆ ಎಂದು ಆಗ ಅನ್ನಿಸಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಮಾತ್ರ ಗಂಟಲು ಕಟ್ಟಿತ್ತು. ಹೆಂಡತಿ, ಯಾರ ಹತ್ತಿರ ಕೂಗಾಡಿ ಬಂದ್ರಿ, ಅಂತ ಕೇಳಿದ್ದಳು. ಅಧಿಕಾರಿ ಎದ್ದುಹೋದದ್ದನ್ನೂ ಗೋಡೆಯಾಚೆಯ ಶಬ್ದವನ್ನೂ ಅವಳಿಗೆ ಹೇಳಿದ್ದ. ಅವಳು ಒಲೆ ಆರಿಸಿ, ಹೊರಗೆ ಹೋಗಿ ಕೂತಿದ್ದಳು.

ಒಳಗೆ ಕರೆದರು. ನಿವೃತ್ತ ನ್ಯಾಯಾಧೀಶ ಕೆಮ್ಮಿನ ಮಾತ್ರೆ ಚೀಪುತ್ತ ಕೂತಿದ್ದ. ಕೆಲಸದಲ್ಲಿದ್ದಾಗ ಇಂಥ ದೂರುಗಳನ್ನು ಎಷ್ಟೋ ವಜಾ ಮಾಡಿ, ನಿವೃತ್ತಿಯ ನಂತರ ಕಾರು ಮತ್ತು ಚಾಲಕ ಸಿಗುವ ಈ ಕೆಲಸದಲ್ಲಿ ಅಂತಃಕರಣ ಬೆಳೆಸಿಕೊಂಡವನು. ಬಲಕ್ಕೆ ಅಧಿಕಾರಿ, ಸಮವಸ್ತ್ರವಿಲ್ಲದೆ, ಮದುವೆಗೆ ಬಂದವನಂತೆ ಬಿಳಿ ಅಂಗಿಯಲ್ಲಿ. ಎಡಕ್ಕೆ ಗೂಳಿ, ಅವನ ಪಕ್ಕ ಮಾಲೀಕನ ವಕೀಲ. ಹಿಂದಿನ ಸಾಲಿನಲ್ಲಿ ಷಡ್ಡಕ, ಕೈಕಟ್ಟಿ. ಎಲ್ಲರನ್ನೂ ಒಂದು ಸುತ್ತು ನೋಡಿ, ಈ ಕೋಣೆಯಲ್ಲಿ ಯಾರ ಗೌರವಕ್ಕಾಗಿಯೂ ತಾನು ಒಂದು ಸುಳ್ಳನ್ನೂ ಒಂದು ನಿಜವನ್ನೂ ಖರ್ಚು ಮಾಡಬೇಕಾಗಿಲ್ಲ ಅನ್ನಿಸಿ ಅಧ್ಯಾಪಕ ಹಗುರಾಗಿ ಕೂತ.

"ನೀವಿದ್ದಷ್ಟು ಹೊತ್ತೂ ಅಧಿಕಾರಿ ನಿಮ್ಮ ಜೊತೆಗೇ ಇದ್ದರಾ?" ನ್ಯಾಯಾಧೀಶ ಕೇಳಿದ.

"ಜೊತೆಗೆ ಅನ್ನೋ ಪದವನ್ನ ಮೊದಲು ನೋಡಬೇಕು," ಅಂದ ಅಧ್ಯಾಪಕ. "ಒಬ್ಬ ಸಂಬಳದ ನೌಕರ ಒಂದು ಕೋಣೆಯಲ್ಲಿ ಇದ್ದಾನೆ ಅಂದಾಗ, ಅವನು ಇರೋದು ತಾನಾಗಿಯೋ, ಅಥವಾ ಪ್ರಭುತ್ವದ..."

"ಇದು ಕ್ಲಾಸ್ ರೂಮಲ್ಲ ಮೇಷ್ಟ್ರೇ. ಇದ್ದರಾ, ಇರಲಿಲ್ಲವಾ?"

ಯಾರೋ ಕಿಸಕ್ಕೆಂದರು. ಟೈಪಿಸ್ಟು ಬೆರಳುಗಳನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಿದ್ದಳು. ಅಧ್ಯಾಪಕ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಯೇ ಎದ್ದು ನಿಂತ. ಗುರುಗಳ ಪೇಚಾಟ ನೋಡಲಾಗದೆ, ಸಹಾಯಕ್ಕೆಂದು ಎದ್ದದ್ದು ಮುಖದಲ್ಲೇ ಕಾಣುತ್ತಿತ್ತು.

"ಸ್ವಾಮಿ, ನಾನು ಅಲ್ಲೇ ಇದ್ದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಸಾರ್ ಆವತ್ತು ಹೇಳಿದ್ದು ಒಂದೊಂದು ಮಾತೂ ನಂಗೆ ಬಾಯಿಪಾಠ ಇದೆ. ಹಕ್ಕು ಅಂದ್ರೇನು ಅಂತ ಹೇಳಿದ್ರು. ಹಕ್ಕು ಅನ್ನೋದು ಒಂದು ವಸ್ತು. ಮನೆ, ಹೊಲ, ಗಡಿಯಾರ ಇದ್ದ ಹಾಗೆ. ಇದ್ದವನ ಹತ್ರ ಇರತ್ತೆ, ಇಲ್ಲದವನ ಹತ್ರ ಇರಲ್ಲ. ಇವನಂಥವನ ಹತ್ರ ಇರೋದೇ ಇಲ್ಲ, ಆದ್ರಿಂದ ಕಿತ್ಕೊಳ್ಳೋ ಪ್ರಶ್ನೆಯೇ ಬರಲ್ಲ ಅಂತ."

ಅಧ್ಯಾಪಕನ ಕಿವಿಯ ತುದಿ ಬಿಸಿಯಾಯಿತು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಅಳಿಸಿದ್ದು ಇದಕ್ಕಾಗಿಯೇ? ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದ ಅದೇ ದಡ್ಡತನ, ಈಗ ಬಿಳಿ ಅಂಗಿ ತೊಟ್ಟು, ತನ್ನ ಹೆಸರಿನಲ್ಲಿ, ಟೈಪಾಗುತ್ತಿತ್ತು. ಟಕಟಕ ಸದ್ದು ಕೇಳುತ್ತಿತ್ತು. ನ್ಯಾಯಾಧೀಶ ತಲೆಯಾಡಿಸುತ್ತಿದ್ದ, ಇಷ್ಟೇನಾ ನಿಮ್ಮ ಮಾರ್ಕ್ಸ್‌ವಾದ ಎನ್ನುವಂತೆ ತುಟಿ ಸೊಟ್ಟಗಾಗಿತ್ತು.

"ತಪ್ಪು," ಅಂದ ಅಧ್ಯಾಪಕ. "ನಾನು ಹೇಳಿದ್ದು ಅದಕ್ಕೆ ತದ್ವಿರುದ್ಧ. ಹಕ್ಕು ವಸ್ತುವಲ್ಲ, ಸಂಬಂಧ. ಒಬ್ಬನ ಹತ್ತಿರ ಇರೋದಲ್ಲ, ಇಬ್ಬರ ನಡುವೆ ಇರೋದು. ಅದನ್ನ ಆವತ್ತು ಬಿಡಿಸಿ ಹೇಳಿದೀನಿ. ಆ ಭಾಗ ಹೇಳುವಾಗ ನೀನು ಅಲ್ಲಿ ಇರಲೇ ಇಲ್ಲ."

ಟೈಪಿನ ಸದ್ದು ನಿಂತಿತು. ಅಧಿಕಾರಿ ಇನ್ನೂ ನಿಂತೇ ಇದ್ದ, ತಪ್ಪು ಉತ್ತರ ಹೇಳಿ ಕೂರಲು ಅಪ್ಪಣೆಗಾಗಿ ಕಾಯುವ ಹುಡುಗನಂತೆ.

"ಇರಲೇ ಇಲ್ಲ ಅಂದ್ರೆ?" ನ್ಯಾಯಾಧೀಶ ಮಾತ್ರೆಯನ್ನು ದವಡೆಗೆ ತಳ್ಳಿದ. "ಎಲ್ಲಿಗೆ ಹೋಗಿದ್ದರು?"

ಆಡಿದ ಮಾತು, ಒಡೆದ ಮುತ್ತು. ಈಗಲೂ ಏನಾದರೊಂದು ಹೇಳಿ ತೇಪೆ ಹಾಕಬಹುದಿತ್ತು. ನೀರು ಕುಡಿಯಲು ಹೋಗಿದ್ದ ಎಂದರೆ ಸಾಕಾಗಿತ್ತು. ಹಿಂದಿನ ಸಾಲಿನಲ್ಲಿ ಷಡ್ಡಕ ಕಟ್ಟಿದ ಕೈ ಬಿಚ್ಚಿದ್ದ. ಅಧ್ಯಾಪಕ ಸತ್ತ ಕಾವಲುಗಾರನನ್ನು ನೆನಪಿಸಿಕೊಳ್ಳಲು ಯತ್ನಿಸಿದ. ಅವನನ್ನು ಕಂಡೇ ಇರಲಿಲ್ಲವಾದ್ದರಿಂದ ಮುಖ ಬರಲಿಲ್ಲ. ಸಾಧನ, ಗುರಿ, ಚರಿತ್ರೆಯ ಘಟ್ಟ, ಎಲ್ಲವೂ ಅಂಗಡಿಯ ಹಲಗೆಯ ಮೇಲೆ ಧೂಳು ಹಿಡಿದ ಡಬ್ಬಿಗಳಂತೆ ಸಾಲಾಗಿ ಕಂಡವು. ಯಾವುದಕ್ಕೆ ಕೈಹಾಕಿದರೂ ಒಳಗಿಂದ ತನ್ನ ದನಿಯೇ, ಆ ಮಧ್ಯಾಹ್ನದ ಏರಿದ ದನಿಯೇ ಕೇಳುತ್ತಿತ್ತು.

"ಪಕ್ಕದ ಕೋಣೆಗೆ," ಅಂದ. "ಎರಡು ಸಲ ಎದ್ದು ಹೋದ. ಹೋದಾಗ ಅಲ್ಲಿಂದ ಹೊಡೆಯೋ ಶಬ್ದ ಬಂತು. ಒಬ್ಬ ಮನುಷ್ಯ ಕೂಗಿದ್ದು ಕೇಳಿಸ್ತು. ಬರುವಾಗ ತೋಳು ಇಳಿಸಿಕೊಳ್ತಾ ಬಂದ."

"ಆಗ ನೀವೇನು ಮಾಡ್ತಿದ್ರಿ?"

"ಮಾತಾಡ್ತಿದ್ದೆ."

"ಯಾರ ಜೊತೆ? ಅವರು ಕೋಣೇಲಿ ಇರಲಿಲ್ಲ ಅಂದ್ರಲ್ಲ."

"ಯಾರ ಜೊತೆಗೂ ಅಲ್ಲ. ಪಾಠ ಮುಂದುವರಿಸಿದ್ದೆ."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಟೈಪಿಸ್ಟು, "ಪಾಠ ಅಂತಲೇ ಹಾಕಲಾ ಸಾರ್?" ಎಂದು ನ್ಯಾಯಾಧೀಶನನ್ನು ಕೇಳಿದಳು. ಹಾಕಿ, ಅಂದ ನ್ಯಾಯಾಧೀಶ.

ಆಮೇಲೆ ನಡೆದದ್ದೆಲ್ಲ ಬೇಗ ನಡೆಯಿತು. ಅಧಿಕಾರಿಯನ್ನು ಅಮಾನತಿನಲ್ಲಿಡಲು ಶಿಫಾರಸು ಮಾಡುವುದಾಗಿ ನ್ಯಾಯಾಧೀಶ ಅಲ್ಲೇ ಹೇಳಿದ. ತಪ್ಪೊಪ್ಪಿಗೆ ಇನ್ನು ನಿಲ್ಲುವುದಿಲ್ಲವೆಂದು ಕಾನೂನು ಓದದವರಿಗೂ ತಿಳಿಯಿತು. ಬಾಗಿಲಲ್ಲಿ ಮಾಲೀಕನ ವಕೀಲ ಅಧ್ಯಾಪಕನ ಕೈಯನ್ನು ಎರಡೂ ಕೈಯಿಂದ ಹಿಡಿದು, "ದೊಡ್ಡ ಉಪಕಾರ ಆಯ್ತು ಸಾರ್. ನಿಮ್ಮಂಥೋರು ಇರೋದಕ್ಕೇ ಲೋಕ ನಡೀತಿದೆ," ಅಂದ. ಸುಗಂಧ ಹಚ್ಚಿದ, ಮೆತ್ತಗಿನ ಕೈ. ಬಿಡಿಸಿಕೊಳ್ಳಲು ತಕ್ಷಣ ಆಗಲಿಲ್ಲ. ಬಿಸ್ಕತ್ತಿನವಳು ಹತ್ತಿರ ಬಂದು, ನಮ್ಮ ಮುಂದಿನ ಸಭೆಗೆ ನೀವು ಬರಬೇಕು, ನಿಮ್ಮ ಆತ್ಮಸಾಕ್ಷಿಯ ಬಗ್ಗೆ ನಾಲ್ಕು ಮಾತಾಡಬೇಕು, ಅಂದಳು. ಒಂದು ಪದದ ತಪ್ಪು ತಿದ್ದಲು ಹೋಗಿ ಬಾಯಿಬಿಟ್ಟವನಿಗೆ ಆತ್ಮಸಾಕ್ಷಿಯ ಪಟ್ಟ ಕಟ್ಟಲು ಬಂದ ಇವಳಿಗೆ ಏನು ಹೇಳುವುದು? ಇಂಥ ಮೂರ್ಖರು ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ ಏನೋ. ಮೆಟ್ಟಿಲ ತಿರುವಿನಲ್ಲಿ ಷಡ್ಡಕ ಕಾಯುತ್ತಿದ್ದ. ಬೈಯುತ್ತಾನೆಂದು ಅಧ್ಯಾಪಕ ಅಂದುಕೊಂಡರೆ ಅವನು ತಣ್ಣಗೆ, "ಹೇಳೋದಿದ್ರೆ ಆವತ್ತೇ ಗೋಡೆ ಬಡಿದು ಹೇಳಬೇಕಿತ್ತು ಭಾವ. ಗೂಳಿಗೂ ಉಪಯೋಗ ಆಗ್ತಿತ್ತು, ನಮಗೂ ಆಗ್ತಿತ್ತು. ಬೇರೆ ಸಾಕ್ಷಿ ಹುಡುಕ್ತಿದ್ವಿ," ಎಂದು ಇಳಿದು ಹೋದ. ಅಧಿಕಾರಿ ಮಾತ್ರ ಹತ್ತಿರ ಬರಲಿಲ್ಲ. ದೂರದಿಂದಲೇ ಒಮ್ಮೆ ನೋಡಿದ. ಆ ನೋಟದಲ್ಲಿ ದ್ವೇಷವಿದ್ದಿದ್ದರೆ ಸಹಿಸಬಹುದಿತ್ತು. ಎಲ್ಲಿ ತಪ್ಪಿದೆ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದ ಶಿಷ್ಯನ ನೋಟ ಅದು.

ಕೆಳಗೆ ಬಸ್ ಸ್ಟಾಪಿನಲ್ಲಿ ಬಿಸಿಲಿತ್ತು. ಮಾಲೀಕನ ವಕೀಲ ತನ್ನ ಕಾರಿನಲ್ಲಿ ಗೂಳಿಯನ್ನು ಕರೆತಂದಿದ್ದನಂತೆ, ಕೆಲಸ ಮುಗಿದ ಮೇಲೆ ಬಿಟ್ಟುಹೋಗಿದ್ದ. ಗೂಳಿ ನೆರಳಿಗಾಗಿ ಕಂಬಕ್ಕೆ ಒತ್ತಿಕೊಂಡು ನಿಂತಿದ್ದ. ಅಧ್ಯಾಪಕ ಕಾಣದವನಂತೆ ಆಚೆ ಹೋಗಬೇಕೆನ್ನುವಷ್ಟರಲ್ಲಿ ಅವನೇ ಕರೆದ.

"ಮೇಷ್ಟ್ರೇ. ಅದು ನೀವಾ?"

ಕೃತಜ್ಞತೆ ಹೇಳುತ್ತಾನೆ ಎಂದುಕೊಂಡ ಅಧ್ಯಾಪಕ. ಅದನ್ನು ಹೇಗೆ ತಳ್ಳಿಹಾಕಬೇಕೆಂದು ವಾಕ್ಯವನ್ನೂ ಸಿದ್ಧ ಮಾಡಿಕೊಂಡ: ನಿನ್ನಂಥವನಿಗಾಗಿ ಹೇಳಿದ್ದಲ್ಲ. ಆದರೆ ಗೂಳಿಯ ಮುಖದಲ್ಲಿ ಇದ್ದದ್ದು ಬರಿಯ ಕುತೂಹಲ, ಎಷ್ಟೋ ದಿನದಿಂದ ಬಿಡಿಸಲಾಗದ ಒಂದು ಒಗಟು ತಟಕ್ಕನೆ ಬಿಡಿಸಿದವನ ಕುತೂಹಲ.

"ಆ ಕಡೆಯಿಂದ ಯಾರೋ ಒಂದೇ ಸಮ ಮಾತಾಡೋದು ನಂಗೂ ಕೇಳ್ತಿತ್ತು," ಅಂದ ಗೂಳಿ. "ನಾನು ರೇಡಿಯೋ ಅಂದ್ಕೊಂಡಿದ್ದೆ. ನನ್ನ ಕೂಗು ಹೊರಗೆ ಕೇಳಬಾರದು ಅಂತ ಜೋರು ಮಾಡಿ ಇಟ್ಟಿದಾರೆ ಅಂತ. ಆಮೇಲೆ ಎಲ್ರನ್ನೂ ಕೇಳಿದೆ, ಠಾಣೇಲಿ ರೇಡಿಯೋನೇ ಇಲ್ಲ ಅಂದ್ರು. ತಲೆ ಕೆಟ್ಟಿರಬೇಕು ನಂಗೆ ಅಂದ್ಕೊಂಡೆ."

ಅಧ್ಯಾಪಕ ತನ್ನ ತಿರಸ್ಕಾರಕ್ಕಾಗಿ ತಡಕಾಡಿದ. ಇವನು ಮುಷ್ಕರ ಮುರಿದವನು, ಬೆಂಕಿ ಇಟ್ಟವನು, ಒಬ್ಬ ಮುದುಕನನ್ನು ಸುಟ್ಟವನು. ಎಲ್ಲವೂ ನಿಜವೇ ಆಗಿತ್ತು. ಯಾವುದೂ ನಾಲಗೆಗೆ ಬರಲಿಲ್ಲ.

"ಅಷ್ಟು ಹೊತ್ತು ಏನು ಹೇಳ್ತಿದ್ರಿ?" ಗೂಳಿ ಕೇಳಿದ. ಅಣಕವಿರಲಿಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು ಅವನಿಗೆ.

"ಏನಿಲ್ಲ," ಅಂದ ಅಧ್ಯಾಪಕ.

"ಆಂ? ಈ ಕಡೆ ಬನ್ನಿ, ಆ ಕಿವಿ ಹೋಗಿದೆ."

ಅಧ್ಯಾಪಕ ಅವನನ್ನು ಸುತ್ತುಹಾಕಿ ಇನ್ನೊಂದು ಪಕ್ಕಕ್ಕೆ ಬಂದ. ಬಸ್ಸೊಂದು ಇಂಜಿನ್ ಗುಡುಗಿಸುತ್ತ ಬಂದು ನಿಂತಿತು. ಗೂಳಿ ಕೈಯನ್ನು ಕಿವಿಗೆ ಆನಿಸಿ ಬಗ್ಗಿದ. ಬೆರಳುಗಳು ಮಡಚದೆ ಗಾಳಿಯಲ್ಲಿ ನೆಟ್ಟಗೆ ನಿಂತಿದ್ದವು.

"ಏನಿಲ್ಲ," ಎಂದು ಅಧ್ಯಾಪಕ ಇನ್ನೊಮ್ಮೆ ಹೇಳಿದ. ಗೂಳಿ ಕೇಳಿಸಲಿಲ್ಲವೆಂದು ತಲೆಯಾಡಿಸಿದ. ಬಸ್ಸು ಹತ್ತುತ್ತಿದ್ದವರು ತಿರುಗಿ ನೋಡುವಂತೆ, ಕೊನೆಯ ಬೆಂಚಿಗೂ ಕೇಳುವ ಆ ದನಿಯಲ್ಲಿ, ಅವನ ಒಳ್ಳೆಯ ಕಿವಿಯೊಳಕ್ಕೆ ಅಧ್ಯಾಪಕ ಕೂಗಿದ: "ಏನೂ ಇಲ್ಲ."